ಹಾಡು ಎಲ್ಲರದು, ಗಲ್ಲಾ ಯಾರದು?

ಕೆಲವು ದಿನಗಳ ಹಿಂದೆ ಒಂದು ರವಿವಾರ, ನಮ್ಮ ಖಾಸಬಾಗದ ಸಂತೆಯ ಮಗ್ಗುಲಲ್ಲಿ ಒಂದು ಸಭೆ ನೆರೆದಿತ್ತು. ಪೆಂಡಾಲು, ಖುರ್ಚಿ, ಹಾರ-ತುರಾಯಿ ಎಲ್ಲವೂ ಸಿದ್ಧವಾಗಿದ್ದವು. ಬರಬೇಕಾದ ದೊಡ್ಡ ಮನುಷ್ಯರು ಮಾತ್ರ ಬಂದಿರಲಿಲ್ಲ. ಹತ್ತು ಗಂಟೆಯ ಸಭೆ ಹನ್ನೆರಡಾದರೂ ಶುರುವಾಗಲಿಲ್ಲ. ಸಂತೆಯ ದಿನ, ಯಾರಿಗೆ ಪುರಸತ್ತು? ಜನ ಏಳತೊಡಗಿದರು. ಆಗ ಕಾರ್ಯಕರ್ತರಿಗೆ ಹಾಡುಗಾರರ ನೆನಪಾಯಿತು. ಖಾನಾಪುರ ತಾಲೂಕಿನಿಂದ ಬಂದ ಗೀಗೀ ಮೇಳದವರು ಮುಂಜಾನೆಯಿಂದಲೂ ಪೆಂಡಾಲಿನ ಹಿಂದೆ ನೆಲದ ಮೇಲೆ ಕುಳಿತಿದ್ದರು. ಡಪ್ಪು ಹಿಡಿದ ಮುದುಕ, ತುಂತುಣಿಯವನೊಬ್ಬ, ತಾಳದವನೊಬ್ಬ. ಎದ್ದು ಬಂದು ಸಂಗೊಳ್ಳಿ ರಾಯಣ್ಣನ ಲಾವಣಿ ಹಿಡಿದರು. ರಾಯಣ್ಣನನ್ನು ೧೮೩೧ರಲ್ಲಿ ಗಲ್ಲಿಗೇರಿಸಿದ ನಂದಗಡವು ಅದೇ ಖಾನಾಪುರ ತಾಲೂಕಿನ ಊರು. ಮುದುಕನ ದನಿಯಲ್ಲಿ ಅದು ಮನೆಯ ಸುದ್ದಿಯಂತೆಯೇ ಬಂದಿತು. ಏಳುತ್ತಿದ್ದವರು ಕುಳಿತರು. ಕಾಯಿಪಲ್ಲೆಯ ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ ನಿಂತರು.

ಕೊನೆಯ ನುಡಿಗೆ ಬರುವಷ್ಟರಲ್ಲಿ ಮೋಟಾರಿನ ಸದ್ದು. ಕಾರ್ಯಕರ್ತನೊಬ್ಬ ಓಡಿ ಬಂದು ಮುದುಕನ ಬಾಯಿಯ ಮುಂದಿನ ಮೈಕು ಕಿತ್ತುಕೊಂಡನು. ಕೊನೆಯ ನುಡಿ ಗಂಟಲಲ್ಲೇ ಉಳಿಯಿತು.

ಬಳಿಕ ಆ ಗಣ್ಯರು ಭಾಷಣ ಮಾಡುತ್ತ, 'ಜಾನಪದ ಕಲಾವಿದರು ಹಣಕ್ಕೆ ಆಶೆಪಡುವವರಲ್ಲ, ಅವರದು ಸೇವೆ, ಅವರದು ಕಾಯಕ' ಎಂದರು. ಚಪ್ಪಾಳೆ ಬಿತ್ತು. ಮೂವರಿಗೂ ಒಂದೊಂದು ಶಾಲು, ಒಂದೊಂದು ತೆಂಗಿನಕಾಯಿ. ಸಭೆ ಮುಗಿದ ಮೇಲೆ ಮುದುಕನು ಸಂಘಟಕರಲ್ಲಿ ಬಸ್ಸಿನ ಖರ್ಚು ಕೇಳಿದನು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು, ಆ ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತ ಹೋಗಿಬಿಟ್ಟರು. ಕಡೆಗೆ ಚಹದಂಗಡಿಯವನೂ ಇಬ್ಬರು ನೇಕಾರರೂ ಸೇರಿ ತಿಕೀಟಿನ ಹಣ ಕೂಡಿಸಿಕೊಟ್ಟರು. ಪೆಂಡಾಲಿನವನಿಗೆ ಮುಂಗಡ ಕೊಡಲಾಗಿತ್ತು. ಮೈಕಿನವನಿಗೆ ಕೊಡಲಾಗಿತ್ತು. ಖುರ್ಚಿಗೆ ಬಾಡಿಗೆ, ಹಾರಕ್ಕೆ ರೊಕ್ಕ, ಬ್ಯಾನರಿಗೆ ರೊಕ್ಕ. ಸಭೆಯನ್ನು ಎರಡು ತಾಸು ಹಿಡಿದು ನಿಲ್ಲಿಸಿದ ಗಂಟಲಿಗೆ ಮಾತ್ರ 'ಸೇವೆ'!

ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಆ ಒಂದು ಶಬ್ದ.

ಮೊದಲು ಕಾಯಕದ ಮಾತನ್ನೇ ತೆಗೆದುಕೊಳ್ಳೋಣ. ಶರಣರ ಹೆಸರು ಹೇಳಿ ಬಿಟ್ಟಿ ದುಡಿಸಿಕೊಳ್ಳುವದು ಈ ನಾಡಿನಲ್ಲಿ ಹಳೆಯ ಚಾಳಿ. ಮಹಾಶಯರೇ, ಕಾಯಕವೆಂದರೆ ಬಿಟ್ಟಿಯಲ್ಲ. ಶರಣರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಸುಬು ಇತ್ತು, ಆ ಕಸುಬಿನಿಂದಲೇ ಅವರ ಒಲೆ ಉರಿಯುತ್ತಿತ್ತು. ಜೇಡರ ದಾಸಿಮಯ್ಯ ಮಗ್ಗದ ಮುಂದೆ ಕುಳಿತವನು. ನಮ್ಮ ಖಾಸಬಾಗ, ವಡಗಾವಿ, ಶಹಾಪುರಗಳ ಓಣಿಗಳಿಗೆ ಆ ಹೆಸರನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನು ಗಂಡ ಬೇಕಾದ್ದಕ್ಕಿಂತ ಹೆಚ್ಚಿನ ಅಕ್ಕಿ ತಂದಾಗ ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದವಳು. ಬರಿಗೈಯಲ್ಲಿ ಬಾ ಎಂದವಳಲ್ಲ. ಆ ಕಥೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಂದವನಿಗೆ ಬುದ್ಧಿವಾದವಿದೆ. ಅದನ್ನು ಏನೂ ಇಲ್ಲದ ಡಪ್ಪಿನ ಮುದುಕನಿಗೆ ಹೇಳುವದೋ, ಮೋಟಾರಿನಲ್ಲಿ ಬಂದವರಿಗೆ ಹೇಳುವದೋ?

ಇನ್ನು ಕಿತ್ತುಕೊಂಡ ಆ ಕೊನೆಯ ನುಡಿ. ಲಾವಣಿ ಕೇಳಿ ಬೆಳೆದವರಿಗೆ ಗೊತ್ತಿದೆ, ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಯಾವ ಊರು, ಆ ಊರಿನ ದೇವರು ಯಾವದು, ಕಟ್ಟಿದವನಾರು, ಕಲಿಸಿದ ಗುರು ಯಾರು ಎಂಬುದೆಲ್ಲ ಅಲ್ಲಿ ಬರುತ್ತದೆ. ೧೮೫೭ರ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಕಂಪನಿ ಸರಕಾರದ ಎದುರು ನಿಂತು ಸತ್ತರು. ಅವರ ಲಾವಣಿ ಇಂದಿಗೂ ಉಳಿದಿದೆ. ಕಟ್ಟಿದವನ ಸ್ವಂತ ಹೆಸರು ಉಳಿಯಲಿಲ್ಲ. ಆದರೆ ಅಂಕಿತದಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರಿದ್ದುದರಿಂದ ಅವನು ಗದಗ ಸೀಮೆಯ ಕುರ್ತಕೋಟಿಯವನೆಂಬುದಾದರೂ ತಿಳಿಯಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಭಾಗದ ಇಂತಹ ಲಾವಣಿಗಳನ್ನು ಬರೆಯಿಸಿಕೊಂಡು ೧೮೮೦ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಅವುಗಳಲ್ಲಿ ಆದಾಯ ತೆರಿಗೆ ಹೇರಿದ್ದರ ಮೇಲೆ ಕಟ್ಟಿದ ಒಂದು ಲಾವಣಿಯೂ ಇದೆ. (ನಮ್ಮ ಅಂಗಡಿಕಾರ ಬಂಧುಗಳು ಇದನ್ನು ಗಮನಿಸಬೇಕು. ಜಿ.ಎಸ್.ಟಿ. ಮೇಲೆ ಇನ್ನೂ ಯಾರೂ ಅಂತಹದೊಂದು ಕಟ್ಟಿದ್ದು ನನ್ನ ಕಿವಿಗೆ ಬಿದ್ದಿಲ್ಲ.) ಸರಕಾರದ ವಿರುದ್ಧ ಕಟ್ಟಿದ ಹಾಡನ್ನು ಸರಕಾರದ ನೌಕರನೇ ಬರೆದಿಟ್ಟನು, ಅಂಕಿತವನ್ನು ಅಳಿಸಲಿಲ್ಲ. ನಮ್ಮ ಪೆಂಡಾಲಿನವರಿಗೆ ಅಷ್ಟೂ ತಿಳಿಯಲಿಲ್ಲ. ಬರೆಹ ಬಾರದ ಹಾಡುಗಾರನಿಗೆ ಅಂಕಿತವೇ ರುಜು, ಅದೇ ದಸ್ತಾವೇಜು. ಅದನ್ನು ಕತ್ತರಿಸಿದಿರೆಂದರೆ ಅವನ ಹೊಲದ ಬಾಂದುಕಲ್ಲು ಕಿತ್ತಂತೆ.

ನಮ್ಮ ಜಿಲ್ಲೆಯಲ್ಲಿ ಹಾಡನ್ನೇ ಬಾಳು ಮಾಡಿಕೊಂಡವರು ಇದ್ದರು. ಬಾಳಪ್ಪ ಹುಕ್ಕೇರಿಯವರ ಹೆಸರು ಕೇಳದವರು ಹಳೆಯ ತಲೆಮಾರಿನಲ್ಲಿ ಯಾರೂ ಇರಲಾರರು. ೧೯೧೧ರಲ್ಲಿ ಮುರಗೋಡದಲ್ಲಿ ಹುಟ್ಟಿ ೧೯೯೨ರಲ್ಲಿ ತೀರಿಕೊಂಡರು. 'ಸಾವಿರ ಹಾಡಿನ ಸರದಾರ' ಎಂದು ಜನ ಕರೆದರು. ಸ್ವಾತಂತ್ರ್ಯದ ಚಳವಳಿ ನಡೆದಾಗ ಅದರ ಹಾಡು, ಏಕೀಕರಣದ ಕಾಲ ಬಂದಾಗ ಅದರ ಹಾಡು. ಬೇಂದ್ರೆಯವರ ಪದ, ಗೋಕಾಕ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರ ಪದ, ಹೊಲದವರ ಪದ ಎಲ್ಲವೂ ಅವರ ಗಂಟಲಲ್ಲಿ ಒಂದೇ ಆಗಿ ಬರುತ್ತಿದ್ದವು. ಪುಸ್ತಕ ಕೊಳ್ಳಲಾರದವರಿಗೆ, ಕೊಂಡರೂ ಓದಲಾರದವರಿಗೆ ಬೇಂದ್ರೆಯವರು ಮುಟ್ಟಿದ್ದು ಅಚ್ಚುಮೊಳೆಯಿಂದಲ್ಲ, ಬಾಳಪ್ಪನವರಂತಹರ ಬಾಯಿಯಿಂದ. ಇದು ಸಣ್ಣ ಕೆಲಸವೇ? ಒಬ್ಬ ಪ್ರಕಾಶಕ ಮಾಡುವ ಕೆಲಸವನ್ನು, ಒಂದು ಸಾಲಿಮಾಸ್ತರನ ಕೆಲಸವನ್ನು, ಒಂದು ವೃತ್ತಪತ್ರದ ಕೆಲಸವನ್ನು ಒಬ್ಬನೇ ಮನುಷ್ಯ ಊರೂರು ತಿರುಗಿ ಮಾಡಿದನು. ಪ್ರಕಾಶಕನು ಪುಸ್ತಕಕ್ಕೆ ಬೆಲೆ ಹಾಕುತ್ತಾನೆ, ಮಾಸ್ತರನಿಗೆ ಪಗಾರವಿದೆ, ಪತ್ರಿಕೆಗೆ ಚಂದಾ ಇದೆ. ಹಾಡುಗಾರನಿಗೇ ಏಕೆ ಬೇರೆ ನ್ಯಾಯ?

ಇಲ್ಲಿ ಒಬ್ಬ ಮಿತ್ರರು ಕೇಳಿಯೇ ಕೇಳುತ್ತಾರೆ: 'ಜಾನಪದಕ್ಕೆ ಒಡೆಯನೇ ಇಲ್ಲವಲ್ಲ, ಅದು ಎಲ್ಲರ ಆಸ್ತಿ. ಸಮಾಜವಾದಿಗಳಾದ ನೀವೇ ಅದಕ್ಕೆ ಬೆಲೆ ಕಟ್ಟುವಿರಾ?'

ಪ್ರಶ್ನೆ ಚೂಪಾಗಿದೆ. ಉತ್ತರಕ್ಕಾಗಿ ಸ್ವಲ್ಪ ದೂರ ಹೋಗಿಬರಬೇಕು, ಅಮೇರಿಕೆಯವರೆಗೆ. ಅಮೇರಿಕೆಯೆಂದೊಡನೆ ನಮ್ಮ ಕೆಲಸಗಾರರು ಮೂಗು ಮುರಿಯುವದು ನನಗೆ ಗೊತ್ತು. ಆದರೆ ಅಲ್ಲಿಯೂ ಎರಡು ನಾಡುಗಳಿವೆ, ಗಿರಣಿ ಕಟ್ಟಿಸಿದವರ ನಾಡು ಒಂದು, ಗಿರಣಿಯಲ್ಲಿ ನೂತವರ ನಾಡು ಇನ್ನೊಂದು.

ಉತ್ತರ ಕೆರೊಲಿನಾ ಎಂಬ ಪ್ರಾಂತದ ಗ್ಯಾಸ್ಟೋನಿಯಾ ಸೀಮೆಯಲ್ಲಿ ಎಲ್ಲಾ ಮೇ ವಿಗ್ಗಿನ್ಸ್ ಎಂಬ ನೂಲುವ ಹೆಂಗಸಿದ್ದಳು. ರಾತ್ರಿ ಪಾಳಿ, ವಾರಕ್ಕೆ ಸುಮಾರು ಒಂಬತ್ತು ಡಾಲರ್ ಪಗಾರ. ಒಂಬತ್ತು ಮಕ್ಕಳನ್ನು ಹೆತ್ತಳು, ನಾಲ್ಕು ಸತ್ತವು. ಮಕ್ಕಳಿಗೆ ನಾಯಿಕೆಮ್ಮು ಬಂದಾಗ, ರಾತ್ರಿ ಅವರ ಹತ್ತಿರ ಇರಬೇಕು, ಹಗಲು ಪಾಳಿ ಕೊಡಿರೆಂದು ಕೇಳಿದಳು. ಮೇಲ್ವಿಚಾರಕ ಕೊಡಲಿಲ್ಲ. ೧೯೨೯ರ ಏಪ್ರಿಲಿನಲ್ಲಿ ಲೋರೆ ಗಿರಣಿಯ ಸಂಪು ಸುರುವಾದಾಗ ಅವಳೂ ಸಂಘ ಸೇರಿದಳು. ಲೆಕ್ಕ ಬರೆದಳು, ಕರಿಯ ಕೆಲಸಗಾರರನ್ನು ಸಂಘಕ್ಕೆ ಕರೆತಂದಳು, ಮತ್ತು ಗಿರಣಿಗೆ ಹೋಗುವ ತಾಯಿಯ ಸಂಕಟದ ಮೇಲೆ ತಾನೇ ಹಾಡು ಕಟ್ಟಿ ಸಭೆಗಳಲ್ಲಿ ಹಾಡಿದಳು. ಮಾಲಕರಿಗೆ ಅವಳ ಲೆಕ್ಕಕ್ಕಿಂತ ಹಾಡಿನ ಭಯವೇ ಹೆಚ್ಚಾಗಿರಬೇಕು. ಸಪ್ಟಂಬರ ೧೪ರಂದು ಲಾರಿಯಲ್ಲಿ ಸಭೆಗೆ ಹೋಗುತ್ತಿದ್ದಾಗ ಅವಳ ಎದೆಗೆ ಗುಂಡು ಹೊಡೆದರು. ಇನ್ನೂ ಮೂವತ್ತು ದಾಟಿರಲಿಲ್ಲ. ಹಾಡುಹಗಲು, ನೋಡಿದವರು ಹಲವರು. ಆದರೂ ಆಪಾದಿತರೆಲ್ಲ ಬಿಡುಗಡೆಯಾದರು. ಉಳಿದ ಐದು ಮಕ್ಕಳು ಅನಾಥಾಲಯ ಸೇರಿದವು. ಹಾಡು ಬರೀ ಕಾಲಕ್ಷೇಪವೆನ್ನುವವರು ಈ ಒಂದು ಗುಂಡಿಗೆ ಅರ್ಥ ಹೇಳಲಿ.

ಅವಳ ಹಿಂದೆಯೇ ವುಡಿ ಗಥ್ರಿ ಬಂದನು. ೧೯೧೨ರಲ್ಲಿ ಓಕ್ಲಹೋಮಾದಲ್ಲಿ ಹುಟ್ಟಿದವನು. ೧೯೩೦ರ ದಶಕದಲ್ಲಿ ಆ ಸೀಮೆಯಲ್ಲಿ ಮಳೆ ಹೋಗಿ, ಹೊಲದ ಮಣ್ಣೆಲ್ಲ ಧೂಳಾಗಿ ಹಾರಿ, ಒಕ್ಕಲುಗಳು ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟವು. ವುಡಿಯೂ ಹೊರಟನು, ಹೆಗಲಿಗೊಂದು ಗಿಟಾರು. ಗುಳೆ ಹೋದವರ ಬಿಡಾರಗಳಲ್ಲಿ, ಸಂಪಿನ ಜಾಗೆಗಳಲ್ಲಿ ಹಾಡಿದನು. ನಮ್ಮ ಪತ್ರಿಕೆಯಂತಹದೇ ಒಂದು ಕೆಲಸಗಾರರ ಪತ್ರಿಕೆಗೆ ಅಂಕಣ ಬರೆದನು. ೧೯೪೦ರಲ್ಲಿ ಅವನು ಕಟ್ಟಿದ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಎಂಬ ಹಾಡನ್ನು ಅಲ್ಲಿಯ ಶಾಲೆಯ ಮಕ್ಕಳೆಲ್ಲ ಹಾಡುತ್ತಾರೆ. ಆದರೆ ಅದರಲ್ಲಿ ಖಾಸಗಿ ಆಸ್ತಿಯ ಫಲಕ ಹಚ್ಚಿದವರ ಮೇಲೆ ಒಂದು ನುಡಿ, ಪರಿಹಾರದ ಕಚೇರಿಯ ಮುಂದೆ ಹಸಿದು ನಿಂತವರ ಮೇಲೆ ಒಂದು ನುಡಿ ಇದ್ದವು. ಆ ಎರಡನ್ನೂ ಬಿಟ್ಟು ಶಾಲೆಯಲ್ಲಿ ಕಲಿಸಿದರು. ನೋಡಿರಿ, ಕೊನೆಯ ನುಡಿ ಕಿತ್ತುಕೊಳ್ಳುವವರು ಖಾಸಬಾಗದಲ್ಲಿ ಮಾತ್ರ ಇಲ್ಲ!

ಆದರೆ ಒಂದು ಸಂಗತಿಯನ್ನು ಅಲ್ಲಿಯ ಸರಕಾರದ ಪರವಾಗಿಯೂ ಹೇಳಬೇಕು. ೧೯೪೧ರಲ್ಲಿ ಕೊಲಂಬಿಯಾ ನದಿಯ ಆಣೆಕಟ್ಟು ಮತ್ತು ವಿದ್ಯುತ್ತಿನ ಬಗ್ಗೆ ಜನರಿಗೆ ತಿಳಿಸಲು ಹಾಡು ಬೇಕಾದವು. ಸರಕಾರದ ವಿದ್ಯುತ್ ಇಲಾಖೆಯು ವುಡಿಯನ್ನು ಒಂದು ತಿಂಗಳ ಮಟ್ಟಿಗೆ ನೌಕರಿಗೆ ತೆಗೆದುಕೊಂಡಿತು. ತಿಂಗಳಲ್ಲಿ ೨೬ ಹಾಡು, ಪಗಾರ ೨೬೬ ಡಾಲರ್ ೬೬ ಸೆಂಟ್. ಹಾಡಿಗೆ ಹತ್ತು ಡಾಲರಿನ ಲೆಕ್ಕ. ಹೆಚ್ಚೇನಲ್ಲ, ಆದರೆ ಕಾಗದದ ಮೇಲೆ ಬರೆದ ಪಗಾರ. ಶಾಲು ಹೊದಿಸಿ ಸೇವೆಯೆಂದು ಕಳಿಸಲಿಲ್ಲ. ನಮ್ಮಲ್ಲಿಯೂ ಸರಕಾರದ ಯೋಜನೆಗಳ ಪ್ರಚಾರಕ್ಕೆ ಕಲಾತಂಡಗಳು ಹಳ್ಳಿಹಳ್ಳಿ ತಿರುಗುತ್ತವೆ. ಹಾಡಿದ ದಿನದ ಹಣ ಎಷ್ಟು ತಿಂಗಳ ಮೇಲೆ ಕೈಗೆ ಬಂತೆಂದು ಅವರನ್ನೇ ಕೇಳಿ ನೋಡಿರಿ.

ವುಡಿಯ ಕೊನೆಗಾಲ ಕೆಟ್ಟದಾಗಿತ್ತು. ತಾಯಿಯಿಂದ ಬಂದ ನರಗಳ ರೋಗ. ಐವತ್ತರ ದಶಕದ ನಡುವಿನಿಂದ ಆಸ್ಪತ್ರೆಯಲ್ಲೇ ವಾಸ. ೧೯೬೬ರಲ್ಲಿ ಅದೇ ವಿದ್ಯುತ್ ಇಲಾಖೆಯ ಒಂದು ಉಪಕೇಂದ್ರಕ್ಕೆ ಅವನ ಹೆಸರಿಟ್ಟು ಪ್ರಶಸ್ತಿ ಕೊಟ್ಟರು. ಹಾಡಲಾರದೆ ಅವನು ಹಾಸಿಗೆ ಹಿಡಿದಿದ್ದನು. ಮರುವರ್ಷ ೧೯೬೭ರ ಅಕ್ಟೋಬರದಲ್ಲಿ ಸತ್ತನು. ನಮ್ಮ ನೆರೆಯ ಅಣ್ಣಾಭಾವು ಸಾಠೆಯವರ ಗತಿಯೂ ಬೇರೆಯಾಗಲಿಲ್ಲ. ಮುಂಬಯಿಯ ಗಿರಣಿಯಲ್ಲಿ ದುಡಿದು, ಅಮರ ಶೇಖ್ ಮತ್ತು ಗವ್ಹಾಣಕರ ಅವರೊಡನೆ ೧೯೪೪ರಲ್ಲಿ 'ಲಾಲ್ ಬಾವಟಾ' ಕಲಾಪಥಕ ಕಟ್ಟಿ, ಸಾವಿರಾರು ಕಾಮಗಾರರ ಎದುರು ಹಾಡಿದ ಆ ಶಾಹೀರನು ೧೯೬೯ರಲ್ಲಿ ಬಡತನದಲ್ಲೇ ತೀರಿಕೊಂಡನು. ಅವನ ಒಂದು ಪ್ರಸಿದ್ಧ ಪದದಲ್ಲಿ ನಮ್ಮ ಬೆಳಗಾವಿಯನ್ನು ಆ ಕಡೆಗೆ ಎಳೆದುಕೊಂಡಿದ್ದಾನೆ; ಅದಕ್ಕೆ ನಾನು ಒಪ್ಪುವವನಲ್ಲ. ಆದರೆ ಆ ಜಗಳ ಬೇರೆ. ವಡಗಾವಿಯ ಮಗ್ಗ ಕನ್ನಡದಲ್ಲಿ ಒಂದು ಸದ್ದು, ಮರಾಠಿಯಲ್ಲಿ ಇನ್ನೊಂದು ಸದ್ದು ಮಾಡುವದಿಲ್ಲ. ಈಗ ಅವನ ಹೆಸರಿನ ಜಯಂತಿಗಳಲ್ಲಿ ಆಗುವ ಖರ್ಚಿನ ನೂರರಲ್ಲಿ ಒಂದು ಪಾಲು ಆಗ ಸಿಕ್ಕಿದ್ದರೆ ಸಾಕಿತ್ತು.

ಇನ್ನು ಪೀಟ್ ಸೀಗರ್. ನಮ್ಮ ಓಣಿಯವರಿಗೆ ಅವನ ಬಗ್ಗೆ ವಿಶೇಷ ಪ್ರೀತಿ ಹುಟ್ಟಬೇಕಾದ ಕಾರಣವೊಂದಿದೆ. ೧೯೪೮ರಲ್ಲಿ ಅವನೂ ಮೂವರು ಗೆಳೆಯರೂ ಕೂಡಿ ಕಟ್ಟಿದ ಮೇಳದ ಹೆಸರು 'ದಿ ವೀವರ್ಸ್', ಅಂದರೆ 'ನೇಕಾರರು'. ಅವರಲ್ಲಿ ಯಾರೂ ಲಾಳಿ ಹಿಡಿದವರಲ್ಲ. ಜರ್ಮನಿಯ ಸೈಲೀಸಿಯಾ ಸೀಮೆಯ ಕೈಮಗ್ಗದ ನೇಕಾರರು ೧೮೪೪ರಲ್ಲಿ ಕೂಲಿಗಾಗಿ ಬಂಡೆದ್ದಿದ್ದರು. ಆ ದಂಗೆಯ ಮೇಲೆ ಹಾಪ್ಟ್‌ಮನ್ ಎಂಬ ನಾಟಕಕಾರ ಒಂದು ನಾಟಕ ಬರೆದನು. ಮೇಳದ ಹೆಸರು ಬಂದದ್ದು ಅಲ್ಲಿಂದ. ನೂಲು ಕೊಡುವವನೂ ಸಾಹುಕಾರ, ಸೀರೆ ಕೊಳ್ಳುವವನೂ ಸಾಹುಕಾರ, ಕೂಲಿ ಗೊತ್ತುಮಾಡುವವನೂ ಅವನೇ ಆದಾಗ ಏನಾಗುವದೆಂಬುದನ್ನು ತಿಳಿಯಲು ನಮ್ಮವರು ಜರ್ಮನ್ ನಾಟಕ ಓದಬೇಕಾಗಿಲ್ಲ ಬಿಡಿರಿ.

ಆ ಮೇಳದ ಹಾಡು ೧೯೫೦ರಲ್ಲಿ ಅಮೇರಿಕೆಯ ಮನೆಮನೆಯಲ್ಲಿ ಕೇಳಿತು. ಮರುವರ್ಷವೇ ಇವರು ಕೆಂಪಿನವರೆಂಬ ಗುಲ್ಲೆದ್ದಿತು. ರೇಡಿಯೋ ಬಾಗಿಲು ಮುಚ್ಚಿತು, ಥೇಟರುಗಳು ಮುಚ್ಚಿದವು, ೧೯೫೨ರಲ್ಲಿ ಮೇಳ ಒಡೆಯಿತು. ೧೯೫೫ರ ಆಗಸ್ಟಿನಲ್ಲಿ ಸೀಗರನನ್ನು ಸಂಸತ್ತಿನ ಸಮಿತಿಯೊಂದು ಕರೆದು, ಯಾವ ಸಭೆಯಲ್ಲಿ ಹಾಡಿದೆ, ಯಾರಿಗಾಗಿ ಹಾಡಿದೆ ಎಂದು ಕೇಳಿತು. ನನ್ನ ಹಾಡುಗಳ ಬಗ್ಗೆ ಬೇಕಾದರೆ ಹೇಳುವೆ, ಯಾರ ಮುಂದೆ ಹಾಡಿದೆನೆಂಬುದನ್ನು ಕೇಳುವ ಹಕ್ಕು ನಿಮಗಿಲ್ಲವೆಂಬ ನಿಲುವಿನಿಂದ ಅವನು ಕದಲಲಿಲ್ಲ. ೧೯೬೧ರಲ್ಲಿ ಒಂದು ವರ್ಷದ ಸಜೆ ವಿಧಿಸಿದರು; ೧೯೬೨ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಟೆಲಿವಿಜನ್ ಮಾತ್ರ ೧೯೬೭ರವರೆಗೆ ಅವನಿಗೆ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಆ ವರ್ಷಗಳಲ್ಲಿ ಅವನು ಶಾಲೆ, ಕಾಲೇಜು, ಕೆಲಸಗಾರರ ಸಭೆಗಳಲ್ಲಿ ಹಾಡಿ ಹೊಟ್ಟೆ ಹೊರೆದನು. ೧೯೬೩ರಲ್ಲಿ ನಮ್ಮ ಕಲಕತ್ತೆಯಲ್ಲಿಯೂ ಹಾಡಿದನು. ೨೦೦೯ರ ಜನವರಿಯಲ್ಲಿ ಓಬಾಮಾ ಅಧ್ಯಕ್ಷರಾಗುವ ಸಮಾರಂಭದ ಮುನ್ನ, ೮೯ರ ಮುದುಕನಾಗಿ, ವಾಶಿಂಗ್ಟನ್ನಿನ ಲಕ್ಷಾಂತರ ಜನರ ಎದುರು ವುಡಿಯ ಹಾಡನ್ನು ಆ ಬಿಟ್ಟುಹೋದ ನುಡಿಗಳ ಸಮೇತ ಹಾಡಿಸಿದನು. ೨೦೧೪ರಲ್ಲಿ ಸತ್ತನು.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳದಿದ್ದರೆ ಇದು ಭಜನೆಯಾದೀತು. 'ನೇಕಾರರು' ೧೯೫೦ರಲ್ಲಿ ಗೆದ್ದ 'ಗುಡ್‌ನೈಟ್ ಐರೀನ್' ಎಂಬ ಹಾಡು ಲೆಡ್ ಬೆಲ್ಲಿ ಎಂಬ ಕರಿಯ ಹಾಡುಗಾರನಿಂದ ಬಂದದ್ದು. ಅವನು ೧೯೪೯ರ ಡಿಸೆಂಬರಿನಲ್ಲಿ ಬಡವನಾಗಿಯೇ ಸತ್ತನು. ಆರು ತಿಂಗಳು ಬದುಕಿದ್ದರೆ ತನ್ನ ಹಾಡಿನ ಸಿರಿಯನ್ನು ಕಣ್ಣಿಂದ ಕಾಣುತ್ತಿದ್ದನು. ಇನ್ನೊಂದು ಹಾಡು ದಕ್ಷಿಣ ಆಫ್ರಿಕೆಯದು. ಸಾಲೊಮನ್ ಲಿಂಡಾ ಎಂಬ ಜುಲು ಹಾಡುಗಾರ ೧೯೩೯ರಲ್ಲಿ ಧ್ವನಿಮುದ್ರಿಸಿದ 'ಎಂಬೂಬೆ'. ಅವನ ಕೈಗೆ ಬಂದದ್ದು ಹತ್ತು ಶಿಲ್ಲಿಂಗು. ಅದನ್ನು 'ನೇಕಾರರು' ಹಾಡಿದರು, ೧೯೬೧ರಲ್ಲಿ ಬೇರೊಂದು ಮೇಳದವರು ಮಾತು ಬದಲಿಸಿ ಹಾಡಿದರು, ಆಮೇಲೆ ಸಿನೇಮಾದವರು ಹಾಡಿಸಿದರು. ಪ್ರಕಾಶಕರು ಇದು ಜಾನಪದ, ಇದಕ್ಕೆ ಒಡೆಯನಿಲ್ಲವೆಂದು ಹೇಳಿ ಕಟ್ಟುಹೆಸರೊಂದನ್ನು ಬರೆದುಕೊಂಡರು. ಸೀಗರನು ವಿಷಯ ತಿಳಿದು ಲಿಂಡಾನಿಗೆ ಸಾವಿರ ಡಾಲರ್ ಕಳಿಸಿದನು, ಮುಂದಿನದೂ ಅವನಿಗೇ ಹೋಗಲೆಂದನು. ಹಣ ಹರಿಯುವ ಕಾಲುವೆ ಮಾತ್ರ ಅವನ ಕೈಯಲ್ಲಿರಲಿಲ್ಲ. ಲಿಂಡಾ ೧೯೬೨ರಲ್ಲಿ ತೀರಿಕೊಂಡನು. ಅವನ ಹೆಣ್ಣುಮಕ್ಕಳಿಗೆ ಕೋರ್ಟಿನ ಹೊರಗೆ ರಾಜಿಯಾಗಿ ಪಾಲು ಸಿಕ್ಕಿದ್ದು ೨೦೦೬ರಲ್ಲಿ.

ಈಗ ನನ್ನ ಮಿತ್ರರ ಪ್ರಶ್ನೆಗೆ ಬರೋಣ. 'ಇದು ಜಾನಪದ, ಎಲ್ಲರದು' ಎಂದು ಮೊದಲು ಹೇಳುವವನು ಯಾರು? ಹಾಡಿದವನಲ್ಲ. ಹಾಡಿನ ಮೇಲೆ ಗಲ್ಲಾ ಇಟ್ಟುಕೊಂಡು ಕುಳಿತವನು. ಎಲ್ಲರದಾಗಿದ್ದರೆ ಗಲ್ಲಾವೂ ಎಲ್ಲರದಾಗಬೇಕಲ್ಲವೆ? ಊರ ಗೋಮಾಳದಲ್ಲಿ ಎಲ್ಲರ ದನ ಮೇಯಬಹುದು ಸರಿ. ಒಬ್ಬನು ಬೇಲಿ ಹಾಕಿ ಹುಲ್ಲು ಮಾರತೊಡಗಿದ ಮೇಲೂ ಗೋಮಾಳವೆಂದರೆ ನಂಬುವವರಾರು?

ಬೇರೆ ದಾರಿ ಇಲ್ಲದಿಲ್ಲ. 'ಹಮ್ ಹೋಂಗೇ ಕಾಮಯಾಬ್' ಹಾಡು ನಮ್ಮ ಶಾಲೆಯ ಮಕ್ಕಳಿಗೆಲ್ಲ ಬರುತ್ತದೆ. ನಾನೂ ಮಾಸ್ತರನಾಗಿದ್ದಾಗ ಸಾಲುಸಾಲು ಮಕ್ಕಳನ್ನು ನಿಲ್ಲಿಸಿ ಕಲಿಸಿದ್ದೇನೆ, ಅದರ ಹುಟ್ಟು ತಿಳಿಯದೆ. ಅದು ಇಂಗ್ಲಿಷಿನ 'ವಿ ಶಲ್ ಓವರ್‌ಕಮ್' ಹಾಡಿನ ಹಿಂದಿ ರೂಪ. ಕರಿಯರ ಚರ್ಚಿನ ಹಳೆಯ ಹಾಡೊಂದನ್ನು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ತಂಬಾಕು ಕಾರಖಾನೆಯ ಹೆಂಗಸರು ೧೯೪೫-೪೬ರ ಸಂಪಿನಲ್ಲಿ ಹಾಡಿದರು. ಅವರಿಂದ ಹೈಲ್ಯಾಂಡರ್ ಎಂಬ ಕೆಲಸಗಾರರ ಶಾಲೆ ಕಲಿಯಿತು, ಆ ಶಾಲೆಯಿಂದ ಸೀಗರ್ ಕಲಿತನು, ಅಲ್ಲಿಂದ ಲೋಕಕ್ಕೆ ಹಬ್ಬಿತು. ೧೯೬೦ರ ಸುಮಾರಿಗೆ ಸೀಗರ್ ಮತ್ತು ಗೆಳೆಯರು ಅದರ ಹಕ್ಕು ಬರೆಸಿಕೊಂಡರು, ಆದರೆ ತಮ್ಮ ಕಿಸೆಗಲ್ಲ. ಬಂದ ರಾಯಧನವೆಲ್ಲ ಹೈಲ್ಯಾಂಡರಿನ ನಿಧಿಗೆ ಹೋಗಿ, ದಕ್ಷಿಣದ ಕರಿಯ ಜನರ ಕೆಲಸಗಳಿಗೆ ವೆಚ್ಚವಾಯಿತು. ೨೦೧೮ರಲ್ಲಿ ಆ ಹಕ್ಕನ್ನೂ ಬಿಟ್ಟುಕೊಟ್ಟು ಹಾಡು ಸಾರ್ವಜನಿಕವಾಯಿತು. ಎಲ್ಲರ ಹಾಡೆಂದರೆ ಹೀಗೆ.

ತಂಬಾಕು ಎಂದಾಗ ನಮ್ಮ ನಿಪ್ಪಾಣಿ ನೆನಪಾಗದಿರದು. ಅಲ್ಲಿಯ ತಂಬಾಕು ವಖಾರಗಳಲ್ಲಿ ಧೂಳು ನುಂಗಿ ದುಡಿದ ಹೆಂಗಸರು ಸಂಘ ಕಟ್ಟಿದ್ದನ್ನು ಯುಗಾಂತರ ಎ೦ಬ ಮಹಿಳೆಯರ ತಂಡ ೧೯೮೨ರಲ್ಲಿ ಚಿತ್ರವಾಗಿ ತೆಗೆಯಿತು. ಚಾರ್ಲ್ಸ್‌ಟನ್ನಿನ ತಂಬಾಕು ಹೆಂಗಸರ ಹಾಡನ್ನು ಚಿಕ್ಕೋಡಿಯ ಮಕ್ಕಳಿಗೂ ಕಲಿಸುವ ನಾವು, ನಿಪ್ಪಾಣಿಯ ತಂಬಾಕು ಹೆಂಗಸರು ಏನು ಹಾಡಿದರೆಂದು ಕೇಳಿಕೊಂಡೆವೇ? 'ಗರತಿಯ ಹಾಡು' ೧೯೩೧ರಲ್ಲಿ ಅಚ್ಚಾದದ್ದು ಕನ್ನಡಕ್ಕೇ ಹೆಮ್ಮೆ. ಹಲಸಂಗಿಯ ಗೆಳೆಯರು ಅದನ್ನು ಕೂಡಿಸಿದ ಉಪಕಾರ ದೊಡ್ಡದು, ಅವರ ಹೆಸರು ನಮಗೆ ಬಾಯಿಪಾಠ. ಬೀಸುವಕಲ್ಲಿನ ಗೂಟ ಹಿಡಿದು ಹಾಡಿದವಳ ಹೆಸರು ಯಾರ ಬಾಯಲ್ಲಿದೆ?

ಇರಲಿ, ಕಾಯದೆಯ ಮಾತು. ೧೯೫೭ರ ಕೃತಿಸ್ವಾಮ್ಯ ಕಾಯದೆಗೆ ೧೯೯೪ರಲ್ಲಿ ಹಾಡುವವರ, ಆಡುವವರ ಹಕ್ಕನ್ನು ಸೇರಿಸಲಾಯಿತು. ೨೦೧೨ರ ತಿದ್ದುಪಡಿ ಅದನ್ನು ಇನ್ನೂ ಬಿಗಿಮಾಡಿತು. ಹಾಡು ಯಾರದೇ ಇರಲಿ, ಹಾಡಿದ ದನಿಯನ್ನು ಒಪ್ಪಿಗೆಯಿಲ್ಲದೆ ಮುದ್ರಿಸಿ ಮಾರುವ ಹಾಗಿಲ್ಲ. ವ್ಯಾಪಾರಕ್ಕೆ ಬಳಸಿದರೆ ಅವನಿಗೆ ಪಾಲು ಸಲ್ಲಬೇಕು. ಈ ಹಕ್ಕು ಐವತ್ತು ವರ್ಷ ನಡೆಯುತ್ತದೆ. ಜಾನಪದವೆಂಬ ನೆಪ ಇಲ್ಲಿ ನಡೆಯುವದಿಲ್ಲ. ಆದರೆ ಇದನ್ನು ಡಪ್ಪಿನ ಮುದುಕನಿಗೆ ಹೇಳಿದವರಾರು? ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಬಾರಿ ನೂರು-ಇನ್ನೂರು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆಗಳು ಹಾಡುಗಾರರ ಓಣಿಯಲ್ಲಿ ಬೇಕಾದಷ್ಟಿವೆ. ಈಗ ಯೂಟ್ಯೂಬ್. 'ಉತ್ತರ ಕರ್ನಾಟಕ ಜಾನಪದ' ಎಂಬ ಹಣೆಪಟ್ಟಿ ಹಚ್ಚಿ ಡಿ.ಜೆ. ಬಡಿತ ಸೇರಿಸಿದ ಹಾಡನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಗಣಪತಿಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಅದೇ ಬಡಿತ, ಮಗ್ಗದ ಸದ್ದಿಗೆ ಕಿವುಡಾದ ಕಿವಿಗಳೂ ತತ್ತರಿಸುವಂತೆ! ಡಿ.ಜೆ. ಮಾಲಕನಿಗೆ ಮುಂಗಡ ಕೊಡದೆ ಒಂದು ವೈರೂ ಬಿಚ್ಚುವದಿಲ್ಲವೆಂಬುದು ಮಂಡಳಿಯವರಿಗೆ ಗೊತ್ತಿದೆ. ಅದನ್ನು ಯಾರೂ ಆಶೆಯೆನ್ನುವದಿಲ್ಲ, ವ್ಯವಹಾರ ಎನ್ನುತ್ತಾರೆ.

ಅಂಗಡಿಕಾರ ಬಂಧುಗಳಲ್ಲಿ ಒಂದು ಮಾತು. ವರ್ಗಣಿ ಕೇಳಿ ಬಂದವರಿಗೆ ನೀವು ಕೊಡುತ್ತೀರಿ, ಒಲ್ಲದ ಮನಸ್ಸಿನಿಂದಾದರೂ ಕೊಡುತ್ತೀರಿ. ಉದ್ರಿ ಹೋದ ಮಾಲಿನ ನೋವು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮುದುಕನ ಎರಡು ತಾಸಿನ ಹಾಡು ಸಂತೆಯ ನಡುವೆ ಉದ್ರಿ ಹೋಯಿತು. ಮುಂದಿನ ಸಲ ರಶೀದಿ ಪುಸ್ತಕ ಹಿಡಿದು ಬಂದವರನ್ನು ಒಂದೇ ಪ್ರಶ್ನೆ ಕೇಳಿರಿ: ಖರ್ಚಿನ ಪಟ್ಟಿಯಲ್ಲಿ ಹಾಡುಗಾರರ ಕಾಲಮು ಎಲ್ಲಿದೆ?

ಬೇರೆಯವರ ಕಡೆಗೆ ಬೆರಳು ಮಾಡುವಾಗ ನಮ್ಮವರ ಮಾತನ್ನೂ ಹೇಳಿಬಿಡಬೇಕು. ನಮ್ಮ ಸಂಘದ ಸಭೆಗಳಲ್ಲಿ, ಸಂಪಿನ ಪೆಂಡಾಲುಗಳಲ್ಲಿ ಹಾಡುಗಾರರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಜನ ಕೂಡುವವರೆಗೆ ಹಾಡಿರಪ್ಪಾ ಎಂದಿದ್ದೇವೆ. ಮುಖಂಡರು ಬಂದೊಡನೆ ಸಾಕೆಂದು ಕೈಸನ್ನೆ ಮಾಡಿದ್ದೇವೆ. ಕೊಟ್ಟದ್ದು ಊಟ, ಬಸ್ಸಿನ ತಿಕೀಟು, 'ಕಾಮ್ರೇಡ್' ಎಂಬ ಮರ್ಯಾದೆ. ನಾನೇ ಎರಡು ಬಾರಿ ಹೀಗೆ ಮಾಡಿದ್ದೇನೆ. ಒಬ್ಬ ಹಾಡುಗಾರನು ಮೂರನೆಯ ಸಲ ಬರಲಿಲ್ಲ. ಅಂದು ಕೂಲಿಗೆ ಹೋಗಿದ್ದನಂತೆ. ಕನಿಷ್ಠ ಕೂಲಿಗಾಗಿ ಘೋಷಣೆ ಕೂಗುವ ಪೆಂಡಾಲಿನಲ್ಲಿ ಒಬ್ಬ ಕೂಲಿಯವನ ದಿನದ ದುಡಿಮೆ ಬಿಟ್ಟಿ ಹೋಗುತ್ತಿತ್ತೆಂಬುದು ನನಗೆ ಹೊಳೆಯಲಿಕ್ಕೆ ಅಷ್ಟು ಕಾಲ ಬೇಕಾಯಿತು. ಒಬ್ಬ ಗೆಳೆಯರು, 'ದುಡ್ಡು ಕೊಟ್ಟರೆ ಹಾಡಿನ ಕಿಚ್ಚು ಆರುತ್ತದೆ' ಎಂದು ವಾದಿಸಿದರು. ಎಲ್ಲಾ ಮೇಯ ಹಾಡಿನ ಕಿಚ್ಚಿಗೆ ಕಾರಣ ಪಗಾರದ ಕೊರತೆಯೇ ಆಗಿತ್ತೆಂಬುದು ನಿಜ. ಹಾಗೆಂದು ಕಿಚ್ಚು ಉಳಿಯಲಿಕ್ಕಾಗಿ ಕೊರತೆಯನ್ನೂ ಉಳಿಸೋಣವೆಂದರೆ, ಅದು ಗಿರಣಿ ಮಾಲಕರ ತರ್ಕ.

ಆದ್ದರಿಂದ ನಮ್ಮ ಓಣಿಯ ಸಂಘದಲ್ಲಿ ಕಳೆದ ವಾರ ಕುಳಿತು ಗೊತ್ತುಮಾಡಿದ್ದು ಇಷ್ಟು. ಹಾಡುಗಾರರನ್ನು ಕರೆಯುವ ಮೊದಲೇ ಸಂಭಾವನೆ ಎಷ್ಟೆಂದು ಕಾಗದದ ಮೇಲೆ ಬರೆಯುವದು. ಅರ್ಧ ಮುಂಗಡ, ಅರ್ಧ ಹಾಡಿದ ದಿನವೇ. ಒಬ್ಬೊಬ್ಬರ ದಿನದ ಹಣ ಆ ದಿನದ ಮಗ್ಗದ ಕೂಲಿಗಿಂತ ಕಡಿಮೆಯಾಗಕೂಡದು. ಮೊಬೈಲಿನಲ್ಲಿ ಮುದ್ರಿಸಿ ಹಂಚುವವರು ಮೊದಲು ಕೇಳಬೇಕು, ಹಾಡಿನ ಕೆಳಗೆ ಹಾಡಿದವರ ಹೆಸರನ್ನೂ ಊರನ್ನೂ ಹಾಕಬೇಕು. ಒಬ್ಬಿಬ್ಬರು ಹಣ ಎಲ್ಲಿಂದ ಬರಬೇಕೆಂದರು. ಹಾರ-ತುರಾಯಿಯ ಖರ್ಚು ಕಡಿದರೆ ಮೂವರ ಕೂಲಿ ಹೊರಡುತ್ತದೆಂದು ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು. ಬೇರೆ ಮಂಡಳಿಗಳಿಗೂ ಇದೇ ಠರಾವಿನ ಪ್ರತಿ ಕಳಿಸಿದ್ದೇವೆ; ಎರಡು ಮಂಡಳಿಗಳಿಂದ ಉತ್ತರ ಬಂದಿದೆ, ಉಳಿದವರ ದಾರಿ ಕಾಯುತ್ತಿದ್ದೇವೆ.

ಆ ಮುದುಕನಿಗೆ ಹೇಳಿ ಕಳಿಸಿದ್ದೆವು. ಬರುವ ರವಿವಾರ ಮುಂಜಾನೆ ಒಂಬತ್ತು ಗಂಟೆಗೆ ಸಂತೆಯ ಮಗ್ಗುಲಲ್ಲಿ ಮೇಳ ಹಾಡುತ್ತದೆ. ಮುಂಗಡ ಮುಟ್ಟಿದೆ. ಮುಖಂಡರ ಭಾಷಣ ಇದ್ದರೂ ಹಾಡು ಮುಗಿದ ಮೇಲೆ. ರಾಯಣ್ಣನ ಲಾವಣಿಯನ್ನೇ ಹಿಡಿಯುವೆನೆಂದು ಹೇಳಿದ್ದಾನೆ, ಈ ಸಲ ಅಂಕಿತದ ನುಡಿಯೊಂದಿಗೆ.